ಡಂಗುರ ಸಾರೋ ಕಕ್ಕಸು ಯಾರಿಗ ಬೇಕು?

"ನೀರು ಅಂದ್ಮೇಲ ಸದ್ದು ಇದ್ದೇ ಇರ್ತದ, ವಸಿ ಅಡ್ಜಸ್ಟ್ ಮಾಡ್ಕೊ ಕನವ್ವ."

ಈ ಮಾತ ನಮ್ಮ ಹೊನ್ನೂರಲ್ಲೂ ಕೇಳಿದೀನಿ, ಯಳಂದೂರಲ್ಲೂ ಕೇಳಿದೀನಿ, ಕೊಳ್ಳೇಗಾಲದ ನೆಂಟರ ಮನೇಲೂ ಕೇಳಿದೀನಿ. ಕಕ್ಕಸಿನ ಫ್ಲಶ್ ಟ್ಯಾಂಕಿಗ ನೀರು ತುಂಬುವಾಗ ಪೈಪು ಆನೆ ಘೀಳಿಟ್ಟಂಗ ಕೂಗ್ತದ ಅಂತ ಮನೆ ಹೆಣ್ಮಗಳು ಹೇಳಿದ್ರ, ಅವಳಿಗ ಸಿಗೋ ಉತ್ತರ ಇದೊಂದೇ. ಈ ಉತ್ತರ ಎರಡು ರೀತೀಲಿ ತಪ್ಪು ಅಂತ ಹೇಳಕ್ಕೇ ಇವತ್ತು ಬರೀತಾ ಇದೀನಿ. ಒಂದು, ಇದು ಸುಳ್ಳು. ಸರಿಯಾಗಿರೋ ಪೈಪು ಕೂಗಲ್ಲ. ಕೂಗ್ತದ ಅಂದ್ರ ಅಲ್ಲಿ ಏನೋ ಸವೆದಿದೆ, ಇಲ್ಲ ಸಡಿಲ ಆಗದ, ಇಲ್ಲ ಕಟ್ಟಿಕೊಂಡದ. ಎರಡು, ಇದು ಅನ್ಯಾಯ. ಯಾಕಂದ್ರ ಅಡ್ಜಸ್ಟ್ ಮಾಡ್ಕಳೋದು ಪೈಪಲ್ಲ, ಹೆಂಗಸರು.

ಕಕ್ಕಸಿನ ವಿಚಾರ ಬರೀತಾಳಲ್ಲ ಅಂತ ಮೂಗು ಮುರೀಬ್ಯಾಡಿ ಅತ್ತಿಗೇರೆ. ಸಾರಿನ ಪುಡಿ, ಉಪ್ಪಿನಕಾಯಿ ಬರೆದ್ರ ಚಂದ ಅಂತೀರಿ. ಉಂಡದ್ದು ಹೋಗೋ ಜಾಗದ ಮಾತು ಬಂದ್ರ ಸೆರಗು ಮುಚ್ಕತೀರಿ. ಆ ನಾಚಿಕೆಯಿಂದ್ಲೇ ಈ ರೋಗ ಬೆಳೆದದ.

ಮೊದಲು ಈ ಸದ್ದು ನಮ್ಮ ಮನೆಗಳಿಗ ಎಲ್ಲಿಂದ ಬಂತು ಅಂತ ನೋಡಿ. ನಮ್ಮ ಅವ್ವಂದಿರ ಕಾಲದಲ್ಲಿ ಚೊಂಬು ಹಿಡ್ಕೊಂಡು ಬೆಳಕು ಹರಿಯೋ ಮುಂಚೆ ಬಯಲ್ಗ, ಹೊನ್ನುಹೊಳೆ ದಡಕ್ಕ ಹೋಗ್ತಿದ್ರು. ಅಲ್ಲಿ ಹಾವಿನ ಭಯ ಇತ್ತು, ಗಂಡಸರ ಕಣ್ಣಿನ ಭಯ ಇತ್ತು, ಪೈಪಿನ ಸದ್ದಿರಲಿಲ್ಲ. 2014ರ ಅಕ್ಟೋಬರ್ 2ಕ್ಕ ಸ್ವಚ್ಛ ಭಾರತ್ ಶುರುವಾಯ್ತು. ಮನೆಗೊಂದು ಕಕ್ಕಸು ಕಟ್ಕೊಳ್ಳಿ ಅಂತ 12,000 ರೂಪಾಯಿ ಸಹಾಯಧನ ಕೊಟ್ರು. ಗುಂಡಿ ತೆಗೆಸಿದ್ವಿ, ಬೇಸಿನ್ ಕೂರಿಸಿದ್ವಿ, ಒಂದು ಬಕೀಟು ಒಂದು ಮಗ್ಗು ಇಟ್ವಿ. ಆಗಲೂ ಸದ್ದಿರಲಿಲ್ಲ. 2019ರ ಆಗಸ್ಟ್ 15ಕ್ಕ ಜಲ ಜೀವನ್ ಮಿಷನ್ ಅಂತ ಸಾರಿದ್ರು, ನಮ್ಮ ರಾಜ್ಯದಲ್ಲಿ ಅದಕ್ಕ 'ಮನೆ ಮನೆಗೆ ಗಂಗೆ' ಅಂತ ಹೆಸರಿಟ್ರು. ಅಂಗಳಕ್ಕ ನಲ್ಲಿ ಬಂತು. ನೀರುಗಂಟಿ ಬಿಟ್ಟಾಗ ಬರೋ ನೀರ ಹಿಡಿದಿಡಬೇಕಲ್ಲ, ಅದಕ್ಕ ಸಂಪು ಬಂತು, ಸಂಪಿಂದ ಎತ್ತಕ್ಕ ಮೋಟ್ರು ಬಂತು, ತಾರಸಿ ಮ್ಯಾಲ ಕರೀ ಸಿಂಟೆಕ್ಸು ಬಂತು. ಮಂಡಿನೋವಿನ ಅತ್ತೆ ಮಾವಂದಿರಿಗ ಅಂತ ಕಮೋಡು ಬಂತು. ಕಮೋಡಿನ ಬೆನ್ನಿಗ ಫ್ಲಶ್ ಟ್ಯಾಂಕು ಬಂತು.

ಇಷ್ಟೆಲ್ಲ ಬಂತು. ಅದ ರಿಪೇರಿ ಮಾಡೋ ವಿದ್ಯೆ ಮಾತ್ರ ಬರಲಿಲ್ಲ. ಮಿಕ್ಸಿ ಕೆಟ್ರ ಎಲ್ಲಿಗ ಒಯ್ಯಬೇಕು ಅಂತ ಗೊತ್ತು. ಕುಕ್ಕರ್ ಗ್ಯಾಸ್ಕೆಟ್ ಹೋದ್ರ ನಾವೇ ಹಾಕ್ಕೊತೀವಿ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗ ಏನದ ಅಂತ ನೋಡಿರೋ ಹೆಂಗಸರು ನಮ್ಮ ಬೀದೀಲಿ ಎಷ್ಟು ಜನ ಅದೀರಿ, ಬೆರಳು ಎಣಿಸಿ ನೋಡೋಣ.

ಈಗ ಅಸಲು ಮಾತಿಗ ಬತ್ತೀನಿ. ರಾತ್ರಿ ಎದ್ದು ಕಕ್ಕಸಿಗ ಹೋಗೋರು ಯಾರು? ಸಕ್ಕರೆ ಕಾಯಿಲೆ ಇರೋ ಮುದುಕರು. ಬಸುರಿ ಹೆಂಗಸರು. ಮುಟ್ಟಾಗಿರೋ ಹೆಣ್ಮಕ್ಕಳು. ನಮ್ಮಂಗ ಐವತ್ತು ದಾಟಿದೋರು. ಇವರಲ್ಲಿ ಮಾವನೋ ಅಜ್ಜನೋ ಎದ್ದು ಹೋಗಿ ಟ್ಯಾಂಕು ಒತ್ತಿದ್ರ ಮನೆ ಪೂರ್ತಿ ಎಚ್ಚರಾದ್ರೂ ಯಾರೂ ಕಮಕ್ ಕಿಮಕ್ ಅನ್ನಲ್ಲ. ಅದೇ ಹೊಸದಾಗಿ ಬಂದ ಸೊಸೆ ಒತ್ತಿದ್ರ? ಒತ್ತಿದ ಸದ್ದು ಒಂದೇ ಗಳಿಗೆ, ಹೋಯ್ತದ. ಅದಾದ ಮ್ಯಾಲ ತುಂಬೋ ಸದ್ದು ಅದ ನೋಡಿ, ಮೂರು ನಿಮಿಷ ನಾಕು ನಿಮಿಷ ಊಊ ಅಂತ ಊಳಿಡ್ತದ. ಅಷ್ಟೊತ್ತೂ ಆ ಹುಡುಗಿ ಕತ್ತಲಲ್ಲಿ ಬಾಗಿಲ ಹಿಂದ ನಿಂತು ಪೈಪು ಬಾಯಿ ಮುಚ್ಚಲಿ ಅಂತ ಕಾಯ್ತಾಳ. ಹೊರಕ್ಕ ಬಂದ್ರ ನಡುಮನೇಲಿ ಮಲಗಿರೋ ಮಾವ ಕೆಮ್ಮತಾನ. ಬೆಳಗ್ಗೆ ಎದ್ರ ಅತ್ತೆ ಕೇಳ್ತಾಳ: "ಯಾಕವ್ವ, ರಾತ್ರಿ ಎರಡು ಸಲ ಎದ್ದಿದ್ದೆ?"

ಎರಡು ದಿನ ಹಿಂಗಾದ್ರ ಮೂರನೇ ದಿನದಿಂದ ಅವಳು ರಾತ್ರಿ ನೀರು ಬುಡೋದ ನಿಲ್ಲಿಸ್ತಾಳ. ಆಗ ಬೆಳಗ್ಗೆ ಇನ್ನೊಂದು ಬೈಗುಳ: "ವಾಸನೆ ಬತ್ತದ, ನೀರು ಹಾಕ್ಬಾರದಾ, ನಿಮ್ಮವ್ವ ಕಲಿಸಲಿಲ್ವಾ?" ನಾಕನೇ ದಿನದಿಂದ ಅವಳು ಸಂಜೆ ಏಳರ ಮ್ಯಾಲ ನೀರು ಕುಡಿಯೋದನ್ನೇ ಬುಡ್ತಾಳ. ಬಂದದ್ದ ತಡ್ಕೊಂಡು ಮಲಗ್ತಾಳ. ನೀರು ಕಮ್ಮಿ ಕುಡಿದು ಬಂದದ್ದ ತಡೆದ್ರ ಉರಿಮೂತ್ರ ಹತ್ತಿಕೊಳ್ಳೋದು ಸುಲಭ, ಬಸುರಿಯರಿಗ ಅದು ಇನ್ನೂ ಕೆಟ್ಟದ್ದು ಅಂತ ಆಶಾ ಅಕ್ಕಂದಿರು ಬಾಯಿ ನೋಯೋಹಂಗ ಹೇಳ್ತಾರ. ನಾವು ಅವಳಿಗ ಬಾರ್ಲಿ ನೀರು ಕಾಯಿಸಿಕೊಡ್ತೀವಿ, ಎಳನೀರು ತರಿಸ್ತೀವಿ, ದಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀವಿ. ಪೈಪು ಮಾತ್ರ ಹಂಗೇ ಕೂಗ್ತಾ ಅದ!

ಹೆಂಗಸರ ಮಾನಕ್ಕ ಅಂತ ಕಟ್ಟಿಸಿದ ಕಕ್ಕಸು ಕನ್ರವ್ವ ಇದು. ಗೋಡೆ ಮ್ಯಾಲ ಹಂಗೇ ಬರೆಸಿದ್ರು. ಆ ಕಕ್ಕಸೇ "ಈ ಮನೆ ಸೊಸೆ ಈಗ ಒಳಗ ಹೋಗಿ ಬಂದ್ಲು" ಅಂತ ಬೀದಿಗೆಲ್ಲ ಡಂಗುರ ಸಾರಿದ್ರ ಅದ್ಯಾವ ಸೀಮೆ ಮಾನ?

ಇನ್ನು ಎದುರು ಮಾತುಗಳ ನೋಡೋಣ. ಮೊದಲನೇದು, "ನಮಗ್ಯಾರಿಗೂ ಕೇಳಿಸ್ತಾನೇ ಇಲ್ಲವಲ್ಲ." ಹಗಲೆಲ್ಲ ಹೊಲದಲ್ಲೋ ಅಂಗಡೀಲೋ ಇದ್ದು, ರಾತ್ರಿ ಉಂಡು ಜಗಲಿ ಮ್ಯಾಲ ಗೊರಕೆ ಹೊಡೆಯೋರಿಗ ಕೇಳಿಸಲ್ಲ, ನಿಜ. ಮನೆಯೊಳಗ ಇಪ್ಪತ್ನಾಕು ಗಂಟೆ ಇರೋರಿಗ ಕೇಳಿಸ್ತದ. ಹಾಲು ಉಕ್ಕೋ ಸದ್ದು, ಮಗು ಮಗ್ಗುಲಾಗೋ ಸದ್ದು ಕೇಳೋ ಕಿವಿ ನಮ್ದು. ಪೈಪು ಕೆಟ್ಟದ ಅಂತ ಆ ಕಿವಿ ಹೇಳಿದ್ರ ನಂಬಬೇಕು.

ಎರಡನೇದು, "ಪ್ಲಂಬರ್ ಬಂದು ನೋಡಿದ, ಗೋಡೆ ಒಡೀಬೇಕಂತೆ." ನನ್ನ ಸ್ವಂತ ಕಿವೀಲೇ ಕೇಳಿದೀನಿ ಇದ. ನೆಂಟರ ಮನೇಲಿ ಒಬ್ಬ ಬಂದ, ಟ್ಯಾಂಕಿನ ಮುಚ್ಚಳ ಕೂಡ ಎತ್ತಲಿಲ್ಲ, ಗೋಡೆಗ ಕಿವಿ ಇಟ್ಟ, "ಲೈನೇ ಸರಿಯಿಲ್ಲ, ಒಡೆದು ಹೊಸ ಪೈಪು ಎಳೀಬೇಕು, ಇಲ್ದಿದ್ರ ಪ್ರೆಶರ್ ಪಂಪು ಹಾಕ್ಸಿ" ಅಂದ. ಉಗುರಲ್ಲಿ ಹೋಗೋದಕ್ಕ ಕೊಡಲಿ ತಗೊಂಡ್ರಂತೆ ಅನ್ನೋ ಗಾದೆ ಇಂಥೋರಿಗೇ ಮಾಡಿರೋದು. ಎಲ್ಲ ಪ್ಲಂಬರ್‌ಗಳೂ ಹಂಗಿಲ್ಲ, ಒಂದು ವಾಷರ್ ಹಾಕಿ "ಇದಕ್ಕೇನು ಕೊಡ್ತೀರಿ ಬುಡಿ ಅಮ್ಮ" ಅಂತ ಟೀ ಕುಡಿದು ಹೋಗೋ ಒಳ್ಳೇ ಹುಡುಗರೂ ಅವರ. ಆದರ ಯಾವನು ಒಳ್ಳೇವನು ಯಾವನು ಅಲ್ಲ ಅಂತ ತಿಳೀಬೇಕಾದ್ರ, ಕೂಗ್ತಿರೋದು ಏನು ಅಂತ ನಮಗ ಮೊದಲು ಗೊತ್ತಿರಬೇಕು. ಕೂಗಿನಲ್ಲಿ ಐದು ಜಾತಿ ಅವ. ಒಂದೊಂದಾಗಿ ಹೇಳ್ತೀನಿ, ಕೇಳಿ.

ಒಂದನೇದು, ಊಳಿಡೋದು. ಟ್ಯಾಂಕು ಇನ್ನೇನು ತುಂಬ್ತು ಅನ್ನೋ ಹೊತ್ತಿಗ ಊಊಊ ಅಂತಲೋ ಪೀಈಈ ಅಂತಲೋ ಕೊಂಬು ಊದಿದಂಗ ಬತ್ತದ. ನಮ್ಮ ಕಡೆ ಮನೆಗಳಲ್ಲಿ ನಾನು ಹೆಚ್ಚು ಕೇಳಿರೋದು ಇದೇ. ಟ್ಯಾಂಕಿನೊಳಗ ಒಂದು ಬಾಲ್ ಕಾಕ್ ಇರ್ತದ, ನೀರು ಏರಿದಂಗ ಬಾಲು ಮ್ಯಾಲಕ್ಕ ಬಂದು ಬಾಯಿ ಮುಚ್ಚತದ. ಮುಚ್ಚೋ ಜಾಗದಲ್ಲಿ ಒಂದು ಪುಟ್ಟ ರಬ್ಬರ್ ವಾಷರ್. ಅದು ಸವೆದ್ರ, ಇಲ್ಲ ಗಟ್ಟಿಯಾದ್ರ, ಬಾಯಿ ಅರ್ಧ ಮುಚ್ಚಿದಾಗ ಸಣ್ಣ ಸಂದೀಲಿ ನೀರು ನುಗ್ಗಿ ವಾಷರ್ ಪತರಗುಟ್ತದ. ಮಕ್ಕಳು ಎಲೆ ಸುತ್ತಿ ಪೀಪಿ ಊದಲ್ವಾ, ಅದೇ ಲೆಕ್ಕ. ಟ್ಯಾಂಕಲ್ಲಿ ನೀರು ಅಲೆ ಆಡ್ತಾ ಬಾಲು ಮ್ಯಾಲ ಕೆಳಗ ಕುಣಿದ್ರ ಕೂಗು ಇನ್ನೂ ಜೋರಾಗ್ತದ, ಆ ನಡುಕ ಪೈಪ ಹಿಡಿದು ಇಡೀ ಮನೆಗ ಹಬ್ಬತದ. ಇದನ್ನ ಪತ್ತೆ ಮಾಡೋದು ಬಲು ಸುಲಭ. ಕೂಗ್ತಿರುವಾಗ ಮುಚ್ಚಳ ತೆಗೆದು ಬಾಲ ಕೈಯಲ್ಲಿ ಮೆಲ್ಲಗ ಪೂರ್ತಿ ಮ್ಯಾಲಕ್ಕ ಎತ್ತಿ. ಕೂಗು ಟಪ್ಪಂತ ನಿಂತ್ರ, ಒಂಚೂರು ಕೆಳಕ್ಕ ಬುಟ್ರ ಮತ್ತ ಶುರುವಾದ್ರ, ಕಳ್ಳ ಅಲ್ಲೇ ಸಿಕ್ಕ. ಗೋಡೆ ಒಡೆಯೋ ಮಾತೇ ಇಲ್ಲ.

ಎರಡನೇದು, ಗಡಗಡ ಸದ್ದು. ಕಂಸಾಳೆ ಕುಟ್ಟಿದಂಗ ಒಂದೇ ಸಮ ಟಕಟಕ ಅಂತದ. ಇದು ಪೈಪಿನ ಕ್ಲಾಂಪು ಕಿತ್ತು ಬಂದು ಗೋಡೆಗ ಬಡಿಯೋದು. ನೀರು ತುಂಬುವಾಗ ಹೊರಗಿರೋ ಪೈಪಿನ ಮ್ಯಾಲ ಅಂಗೈ ಇಡಿ. ಅದುರೋದು ಕೈಗ ಗೊತ್ತಾಗ್ತದ, ಒತ್ತಿ ಹಿಡಿದ್ರ ಸದ್ದು ಕಮ್ಮಿಯಾಗ್ತದ. ಅಲ್ಲಿಗೊಂದು ಕ್ಲಾಂಪು ಹೊಡೆಸಿ. ಅಡ್ಡಡ್ಡ ಹೋಗಿರೋ ಪ್ಲಾಸ್ಟಿಕ್ ಪೈಪಿಗ ಮೂರಡಿಗೊಂದು ಕ್ಲಾಂಪು ಬೇಕು. ನಮ್ಮ ಮನೆಗಳಲ್ಲಿ ಹತ್ತಡಿಗೊಂದು ಇದ್ರ ಪುಣ್ಯ. ಯಳಂದೂರು ಗೌರೀಶ್ವರನ ಗುಡಿಯ ಬಳೆ ಮಂಟಪದಲ್ಲಿ ಕಲ್ಲಲ್ಲೇ ಸರಪಣಿ ಕೆತ್ತಿ ತೂಗುಬಿಟ್ಟವರ ಊರು ನಮ್ದು. ಪೈಪಿಗ ಎರಡು ಕ್ಲಾಂಪು ಹೊಡೆಯಕ್ಕ ನಮ್ಮ ಕೈಲಿ ಆಗಲ್ಲ ಅಂದ್ರ ಆ ಕಲ್ಲುಕುಟಿಗರು ನಗಲ್ವಾ?

ಈ ಟಕಟಕ ಕೆಲವು ಸಲ ಆಂಗಲ್ ಕಾಕಿಂದಲೂ ಬತ್ತದ. ಗೋಡೆಯಿಂದ ಟ್ಯಾಂಕಿಗ ಹೋಗೋ ಪೈಪಿನ ಬುಡದಲ್ಲಿ ಒಂದು ಸಣ್ಣ ತಿರುಗಣೆ ಇರ್ತದಲ್ಲ, ಅದೇ ಆಂಗಲ್ ಕಾಕ್. ಹಳೇ ಮಾದರೀದು ಆದ್ರ ಒಳಗಿನ ವಾಷರ್ ಸಡಿಲಾಗಿ ಕುಣೀತದ. ಅದ ಅರ್ಧ ಸುತ್ತು ತಿರುಗಿಸಿ ನೋಡಿ, ಸದ್ದಿನ ರಾಗ ಬದಲಾದ್ರ ಅದರದ್ದೇ ಕೆಲಸ.

ಮೂರನೇದು, ಢಬ್ ಅಂತ ಒಂದೇ ಪೆಟ್ಟು. ಟ್ಯಾಂಕು ತುಂಬಿ ನೀರು ನಿಂತ ಗಳಿಗೇಲಿ ಗೋಡೆಯೊಳಗ ಯಾರೋ ಸುತ್ತಿಗೇಲಿ ಹೊಡೆದಂಗ. ಓಡ್ತಿರೋ ನೀರಿಗ ತಟ್ಟನೆ ಬಾಗಿಲು ಹಾಕಿದ್ರ ಅದು ಹೋಗಿ ಗುದ್ದತದ. ಮಾಸ್ಕೋ ಪಟ್ಟಣದ ನೀರಿನ ಪೈಪುಗಳಲ್ಲಿ ಇದೇ ಪೆಟ್ಟಿನ ಬಗ್ಗೆ ಪರೀಕ್ಷೆ ಮಾಡಿ ನಿಕೊಲಾಯ್ ಜುಕೋವ್‌ಸ್ಕಿ ಅನ್ನೋ ವಿಜ್ಞಾನಿ 1898ರಲ್ಲೇ ಲೆಕ್ಕ ಬರೆದಿಟ್ಟನಂತೆ, ಇಂಜಿನಿಯರಿಂಗ್ ಓದಿರೋ ನಮ್ಮ ತಂಗಿ ಮಗ ಹೇಳ್ದ. ನೀರು ಎಷ್ಟು ಜೋರಾಗಿ ಓಡ್ತಿತ್ತೋ ಪೆಟ್ಟೂ ಅಷ್ಟೇ ಜೋರು. ಓಟ ಅರ್ಧ ಮಾಡಿದ್ರ ಪೆಟ್ಟೂ ಅರ್ಧ. ನಮ್ಮ ಪಕ್ಕದ ಶಿವನಸಮುದ್ರ ನೋಡಿ, 1902ರಿಂದ ಕಾವೇರಿ ನೀರು ದಪ್ಪ ಪೈಪುಗಳಲ್ಲಿ ಇಳಿದು ಕರೆಂಟು ಮಾಡ್ತಾ ಅದ. ಅಂಥಾ ಪೈಪಿನ ಬಾಗಿಲ ದಡಕ್ಕನೆ ಹಾಕಿದ್ರ ಪೈಪೇ ಸೀಳೋ ಭಯ, ಅದಕ್ಕೇ ಕರೆಂಟಿನ ಮನೆಗಳಲ್ಲಿ ನಿಧಾನಕ್ಕ ಮುಚ್ಚೋ ಏರ್ಪಾಡು ಮಾಡಿರ್ತಾರ. ಅಲ್ಲಿ ಯಾವ ಇಂಜಿನಿಯರೂ "ನೀರು ಅಂದ್ಮೇಲ ಸದ್ದು ಇರ್ತದ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಲ್ಲ. ಹೆಂಗಸರ ಪೈಪಿಗ ಮಾತ್ರ ಆ ಉಪದೇಶ.

ಇಲ್ಲಿ ಇನ್ನೊಂದು ಲೆಕ್ಕ ಅದ. ಹತ್ತು ಮೀಟರ್ ಎತ್ತರದಿಂದ ನೀರು ಇಳಿದ್ರ ಒಂದು ಕೇಜಿ ಪ್ರೆಶರ್ ಅಂತಾರ. ನಮ್ಮ ತಾರಸಿ ಸಿಂಟೆಕ್ಸು ಕಕ್ಕಸಿನ ಟ್ಯಾಂಕಿಗಿಂತ ಹತ್ತು ಹನ್ನೆರಡು ಅಡಿ ಮ್ಯಾಲ ಇದ್ರ ಹೆಚ್ಚು, ಅಂದ್ರ ಅದರ ಮೂರನೇ ಒಂದು ಭಾಗದ ಸುತ್ತಮುತ್ತ. ಅಷ್ಟು ಸಣ್ಣ ಒತ್ತಡದಲ್ಲಿ ಢಬ್ ಅಂತ ದೊಡ್ಡ ಪೆಟ್ಟು ಬೀಳೋದು ಅಪರೂಪ. ಹಂಗಾಗಿ ನಿಮ್ಮ ಮನೇಲಿ ಪಂಪು ಇಲ್ದೇನೇ ಢಬ್ ಅಂದ್ರ ಮೊದಲು ಸಡಿಲ ಪೈಪ ಹುಡುಕಿ. ಪ್ರೆಶರ್ ಪಂಪು ಹಾಕಿಸಿದ ಮ್ಯಾಲ ಶುರುವಾಗಿದ್ರ ಪಂಪಿನ ಒತ್ತಡ ಕಮ್ಮಿ ಮಾಡಿಸಿ, ಆ ಒತ್ತಡ ತಡೆಯೋ ಬಾಲ್ ಕಾಕ್ ಹಾಕಿಸಿ. ಕೂಗೋ ಪೈಪಿಗ ಪಂಪು ಹಾಕೋದು ಅಂದ್ರ ಅಳೋ ಮಗೂಗ ಇನ್ನೆರಡು ಹಾಕಿ ಸುಮ್ನಿರು ಅಂದಂಗ.

ನಾಕನೇದು, ಗುಳುಗುಳು, ಬುಸ್ ಅನ್ನೋದು. ಇದು ಗಾಳಿ. ಕರೆಂಟು ಹೋಗಿ ಸಿಂಟೆಕ್ಸು ಖಾಲಿಯಾಗಿ ಮತ್ತ ತುಂಬಿದ ದಿನ ಬತ್ತದ. ಮನೇಲಿ ಎಲ್ಲಕ್ಕಿಂತ ಕೆಳಗಿರೋ ನಲ್ಲಿ ತಿರುಗಿಸಿ, ಉಗುಳೋದು ನಿಂತು ಸಮನಾಗಿ ಬರೋವರಗ ಬಕೀಟಲ್ಲಿ ಹಿಡ್ಕೊಳ್ಳಿ, ಆ ನೀರು ಗಿಡಕ್ಕ ಆಯ್ತದ. ಅಲ್ಲಿಗ ಸರಿಹೋಯ್ತದ.

ಐದನೇದು, ಮಳೆ ಸುರಿದಂಗ ಸೋ ಅನ್ನೋದು. ಬಾಲ್ ಕಾಕಿಂದ ನೀರು ಮ್ಯಾಲಿಂದ ಕೆಳಕ್ಕ ಬೀಳೋ ಸದ್ದು. ಸುಮಾರು ಟ್ಯಾಂಕುಗಳಲ್ಲಿ ನೀರ ಕೆಳಗಿನವರಗ ಇಳಿಸೋ ಒಂದು ಸಣ್ಣ ಕೊಳವೆ ಕೊಟ್ಟಿರ್ತಾರ. ಅದು ಕಿತ್ತುಬಿದ್ದು ಟ್ಯಾಂಕಿನ ತಳದಲ್ಲಿ ಬಿದ್ದಿರ್ತದ, ಇಲ್ಲ ಕೂರಿಸಿದೋನು ಹಾಕ್ದೆ ಎಸೆದಿರ್ತಾನ. ಅದ ಸಿಗಿಸಿದ್ರ ನೀರು ನೀರೊಳಗೇ ಇಳೀತದ, ಸದ್ದಿಲ್ಲ. ಇದು ತಾರಸಿ ಟ್ಯಾಂಕಿನ ಲೈನಿಗ ಮಾತ್ರ. ಕಕ್ಕಸಿನ ಟ್ಯಾಂಕಿಗ ನೇರ ಪಂಚಾಯ್ತಿ ನಲ್ಲಿ ಲೈನೇ ಕೊಟ್ಟಿದ್ರ ಕೊಳವೆ ಮುಳುಗಿಸಬ್ಯಾಡಿ, ನೀರು ನಿಂತಾಗ ಟ್ಯಾಂಕಿನ ನೀರು ಕುಡಿಯೋ ನೀರಿನ ಪೈಪಿಗ ಹಿಂದಕ್ಕ ಎಳ್ಕೊಂಡುಬುಡ್ತದ.

ಈಗ ಮಾಡೋ ಕೆಲಸ. ಮೊದಲನೇ ಮದ್ದು ಕಾಸಿಲ್ದೆ ಆಗೋದು. ಆಂಗಲ್ ಕಾಕ ಬಲಕ್ಕ ಮೆಲ್ಲಗ ತಿರುಗಿಸ್ತಾ ನೀರಿನ ಓಟ ವಸಿ ಕಮ್ಮಿ ಮಾಡಿ. ಎರಡು ನಿಮಿಷಕ್ಕ ತುಂಬೋ ಟ್ಯಾಂಕು ನಾಕು ನಿಮಿಷಕ್ಕ ತುಂಬ್ಲಿ, ಏನು ಗಂಟು ಹೋಯ್ತದ? ಎಷ್ಟೋ ಮನೆಗಳ ಕೂಗು ಇಷ್ಟಕ್ಕೇ ನಿಲ್ತದ. ವರ್ಷಗಟ್ಟಲೆ ತಿರುಗಿಸದೇ ಇರೋ ಕಾಕ್ ಆದ್ರ ಬಲ ಹಾಕಬ್ಯಾಡಿ, ಮುರಿದ್ರ ನೀರು ನಿಲ್ಸಕ್ಕ ತಾರಸಿ ಗೇಟ್ ವಾಲ್‌ಗೇ ಓಡಬೇಕಾಯ್ತದ.

ಅದಕ್ಕ ಬಗ್ಗದಿದ್ರ ಎರಡನೇ ಮದ್ದು. ಆಂಗಲ್ ಕಾಕ್ ಪೂರ್ತಿ ಮುಚ್ಚಿ. ಫ್ಲಶ್ ಒತ್ತಿ ಟ್ಯಾಂಕು ಖಾಲಿ ಮಾಡಿ. ಮುಚ್ಚಳ ತೆಗೆದು ಒಂದು ಫೋಟೋ ಹಿಡ್ಕೊಳ್ಳಿ, ಯಾವ್ದು ಎಲ್ಲಿತ್ತು ಅಂತ ಆಮೇಲ ಗೊತ್ತಾಗಕ್ಕ. ಬಾಲ್ ಕಾಕಿನ ಬಾಯಿ ಬಿಚ್ಚಿ ವಾಷರ್ ತೆಗೀರಿ. ಒತ್ತಿದ ಗುರುತು ಆಳವಾಗಿ ಬಿದ್ದಿದ್ರ, ಸೀಳಿದ್ರ, ಅದನ್ನೇ ಒಂದು ಪೇಪರಲ್ಲಿ ಸುತ್ತಿ ಅಂಗಡಿಗ ತಗೊಂಡು ಹೋಗಿ ಅದೇ ಅಳತೇದು ತನ್ನಿ. ನಮ್ಮನೇಲಿ ಹೋದ ಸಲ ಹತ್ತು ರೂಪಾಯಿ ಆಯ್ತು. ವಾಷರ್ ಸಿಗದಂಥ ಪ್ಲಾಸ್ಟಿಕ್ ಮಾದರಿ ಆದ್ರ ಬಾಲ್ ಕಾಕ್ ಸೆಟ್ಟೇ ಬದಲಾಯಿಸಿ. ಕಮೋಡು ಬದಲಾಯಿಸಿ ಅಂದೋನ ಮಾತು ಕೇಳಬ್ಯಾಡಿ. ಉದ್ದ ಸರಳಿನ ಬಾಲ್ ಇದ್ದು ಅದು ಕುಣೀತಾ ಇದ್ರ, ತಳಕ್ಕ ನಾಕು ತೂತು ಮಾಡಿದ ಒಂದು ಪುಟ್ಟ ಪ್ಲಾಸ್ಟಿಕ್ ಲೋಟವ ಆ ಸರಳಿಗ ಕಟ್ಟಿ ನೀರೊಳಗ ಮುಳುಗೋಹಂಗ ತೂಗುಬುಡಿ. ಗಾಡಿಗ ಬ್ರೇಕು ಹಾಕಿದಂಗ ಬಾಲು ಸುಮ್ಮನಾಗ್ತದ.

ನಮ್ಮ ಬೋರ್ ನೀರಿನ ಗುಣ ನಿಮಗೇ ಗೊತ್ತು, ಪಾತ್ರೆ ತಳದಲ್ಲಿ ಬಿಳೀ ಪಟ್ಟೆ ಕಟ್ತದ. ಅದೇ ಪಟ್ಟೆ ಬಾಲ್ ಕಾಕಿನ ಬಾಯಲ್ಲೂ ಕಟ್ತದ, ನೀರು ಒಳಕ್ಕ ಬರೋ ಕಡೆ ಇರೋ ಸಣ್ಣ ಜಾಲರೀಲೂ ಕಟ್ತದ. ಜಾಲರಿ ಕಟ್ಟಿದ್ರ ಸುಯ್ ಅಂತ ಸೀಟಿ. ಬಿಚ್ಚಿದ ಭಾಗವ ವಿನೆಗರ್‌ನಲ್ಲೋ ನಿಂಬೆಹುಳೀಲೋ ಒಂದೆರಡು ಗಂಟೆ ನೆನೆಸಿ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ಕಕ್ಕಸು ತೊಳೆಯೋ ಆಸಿಡ್ ಮಾತ್ರ ಟ್ಯಾಂಕಿನೊಳಗ ಹುಯ್ಯಬ್ಯಾಡಿ, ರಬ್ಬರೂ ಹಾಳು, ಹಿತ್ತಾಳೇನೂ ಹಾಳು. ಆಸಿಡ್ಡಿಗ ಬ್ಲೀಚಿಂಗ್ ಪೌಡರ್ ಸೇರಿಸೋದಂತೂ ಯಾವತ್ತೂ ಬ್ಯಾಡ. ವಿಷದ ಗಾಳಿ ಏಳ್ತದ, ಮುಚ್ಚಿದ ಬಾಗಿಲೊಳಗ ಉಸಿರು ಕಟ್ಟತದ.

ಸದ್ದಿನ ಜತೆಗ ನೀರಿನ ಲೆಕ್ಕಾನೂ ಕೇಳಿ, ಯಾಕಂದ್ರ ನಿದ್ದೆ ಹಾಳಾಗೋದ ಲೆಕ್ಕಕ್ಕಿಡದೋರು ನೀರಿನ ಲೆಕ್ಕ ಹೇಳಿದ್ರ ಕಿವಿ ನಿಮಿರಿಸ್ತಾರ. ವಾಷರ್ ಸವೆದ ಟ್ಯಾಂಕು ಬರೀ ಕೂಗಲ್ಲ, ಪೂರ್ತಿ ಮುಚ್ಚದೇ ಸಣ್ಣಗ ಸೋರ್ತದ, ಸೋರಿದ್ದು ಒಳಗೊಳಗೇ ಕಮೋಡಿಗ ಇಳಿದುಹೋಯ್ತದ. ಐದು ನಿಮಿಷಕ್ಕ ಒಂದು ಲೋಟ, ಅಂದ್ರ 200 ಮಿಲಿ ಅಂತಲೇ ಇಟ್ಕೊಳ್ಳಿ. ಗಂಟೆಗ ಹನ್ನೆರಡು ಲೋಟ, 2.4 ಲೀಟರ್. ದಿನಕ್ಕ 57.6 ಲೀಟರ್. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳೀಲಿ ಒಬ್ಬ ಮನುಷ್ಯನಿಗ ದಿನಕ್ಕ ಕೊಡಬೇಕಾದ್ದು 55 ಲೀಟರ್. ಅಂದ್ರ ನಿಮ್ಮ ಕಕ್ಕಸಿನ ಟ್ಯಾಂಕು ಒಬ್ಬ ಮನುಷ್ಯನ ಪಾಲಿನ ನೀರ ಸುಮ್ಮನೆ ಕುಡಿದು ಕೂತದ! ಬೇಸಿಗೇಲಿ ಕೊಡ ಹಿಡ್ಕೊಂಡು ನೀರುಗಂಟಿ ಜತೆ ಜಗಳ ಆಡೋ ನಾವು ಮನೆಯೊಳಗಿನ ಈ ಕಳ್ಳನ್ನ ಸಾಕ್ಕೊಂಡಿದೀವಿ. ಪರೀಕ್ಷೆ ಬೇಕಾದ್ರ ರಾತ್ರಿ ಟ್ಯಾಂಕಿನೊಳಗ ಬಟ್ಟೆಗ ಹಾಕೋ ನೀಲಿ ನಾಕು ಹನಿ ಬುಡಿ. ಅರ್ಧ ಗಂಟೆ ಯಾರೂ ಒತ್ತಬ್ಯಾಡಿ. ಕಮೋಡಿನ ನೀರು ನೀಲಿಯಾಗಿದ್ರ ಸೋರ್ತಾ ಅದ.

ಇನ್ನು ಮನೆ ಕಟ್ಟೋರಿಗ ನನ್ನ ಮಾತು. ಮಲಗೋ ಕೋಣೆ ತಲೆದಿಂಬಿನ ಗೋಡೆಗೇ ಕಕ್ಕಸಿನ ಟ್ಯಾಂಕು ನೇತುಹಾಕ್ತೀರಲ್ಲ, ಯಾರು ಹೇಳಿಕೊಟ್ರು? ವಾಸ್ತು ನೋಡಿ ಒಲೆ ದಿಕ್ಕು ತಿರುಗಿಸ್ತೀರಿ, ಬಾಗಿಲು ಕಿತ್ತು ಬೇರೆ ಕಡೆ ಇಡಿಸ್ತೀರಿ, ಮಲಗಿದೋರ ಕಿವಿ ಎಲ್ಲಿ ಬತ್ತದ ಅಂತ ಒಂದು ಸಲ ನೋಡಬಾರದಾ? ಪೈಪ ಗೋಡೆಯೊಳಗ ಹೂಳೋ ಮುಂಚೆ ಅಲುಗಾಡದಂಗ ಕಟ್ಟಿ. ಪ್ರತಿ ಟ್ಯಾಂಕಿಗೂ ಕೈಗ ಸಿಗೋ ಜಾಗದಲ್ಲಿ ಆಂಗಲ್ ಕಾಕ್ ಇಡಿ. ಐವತ್ತು ರೂಪಾಯಿ ಉಳಿಸಕ್ಕ ಐಎಸ್‌ಐ ಗುರುತಿಲ್ದ ಟ್ಯಾಂಕು ತರಬ್ಯಾಡಿ, ಪ್ಲಾಸ್ಟಿಕ್ ಫ್ಲಶ್ ಟ್ಯಾಂಕಿಗ ಐಎಸ್ 7231 ಅಂತ ಒಂದು ಮಾನದಂಡವೇ ಅದ, ಕೇಳಿ ತಗೊಳ್ಳಿ.

ಪಂಚಾಯ್ತಿಯೋರಿಗ ಒಂದು ಮಾತು. ಕಕ್ಕಸು ಕಟ್ಟಿಸಿದ್ರಿ, ನಲ್ಲಿ ಕೊಟ್ರಿ, ಫೋಟೋ ಹಿಡಿದ್ರಿ, ಸಂತೋಷ. ಸ್ತ್ರೀಶಕ್ತಿ ಸಂಘದ ಸಭೇಲಿ ಸಾಲದ ಕಂತು ಲೆಕ್ಕ ಮುಗಿದ ಮ್ಯಾಲ ಒಂದು ಗಂಟೆ ಒಬ್ಬ ಕೆಲಸ ಬಲ್ಲೋನ ಕರೆಸಿ, ಒಂದು ಬಾಲ್ ಕಾಕ್ ಬಿಚ್ಚಿ ಜೋಡಿಸಿ ತೋರಿಸ್ಸಿ. ಊರಿಗ ನಾಕು ಹೆಂಗಸರು ಕಲಿತ್ರ ಸಾಕು, ಮಿಕ್ಕೋರಿಗ ಅವರೇ ಕಲಿಸ್ತಾರ. ಸೀರೆ ಕುಚ್ಚು ಹಾಕೋ ಬೆರಳಿಗ ವಾಷರ್ ಹಾಕೋದು ಏನು ಮಹಾ?

ಕಡೇಗ ನಮಗೇ ನಾವು ಹೇಳ್ಕೋಬೇಕಾದ ಮಾತು. ಅತ್ತೇರೆ, ನಿಮ್ಮ ಸೊಸೆ ಪೈಪು ಕೂಗ್ತದ ಅಂದ್ರ ನಾಜೂಕಿನೋಳು ಅಂತ ಆಡ್ಕಬ್ಯಾಡಿ. ಅವಳು ಹೇಳ್ತಿರೋದು ಪೈಪಿನ ಮಾತಲ್ಲ, ರಾತ್ರಿ ಎದ್ದು ಹೋಗಕ್ಕ ಅಂಜಿಕೆ ಆಗ್ತದ ಅಂತ. ಸೊಸೇರೆ, ಬಾಯಿ ಬಿಟ್ಟು ಹೇಳಿ, ತಡ್ಕೊಂಡು ಮಲಗಬ್ಯಾಡಿ. ಇವತ್ತೇ ಅಡಿಗೆಮನೆ ಡ್ರಾಯರಲ್ಲಿ ಒಂದು ಸ್ಪ್ಯಾನರು, ಒಂದು ಟೆಫ್ಲಾನ್ ಟೇಪು, ಎರಡು ವಾಷರ್ ತಂದಿಡಿ. ಮಗನಿಗ ಮಾತ್ರ ಅಲ್ಲ, ಮಗಳಿಗೂ ಮುಚ್ಚಳ ತೆಗೆದು ತೋರಿಸಿ.

ಹೆಣ್ಣು ಕೊಡೋ ಮುಂಚೆ ಆ ಮನೇಲಿ ಕಕ್ಕಸು ಅದಾ ಅಂತ ಕೇಳೋದ ನಾವು ಕಲಿತಿದೀವಿ. ಅಷ್ಟು ಕಲಿಯಕ್ಕೇ ಒಂದು ತಲೆಮಾರು ಬೇಕಾಯ್ತು. ಇನ್ನು ಮುಂದ ಇನ್ನೊಂದು ಮಾತೂ ಸೇರಿಸಿ ಕೇಳಿ: "ನಡುರಾತ್ರೀಲಿ ನಮ್ಮ ಹುಡುಗಿ ಧೈರ್ಯವಾಗಿ ನೀರು ಬುಡಬೌದಾ?"